ನಾನು ಗಾರ್ಡ್ ಮುಚ್ಚಲಿಲ್ಲ

ರಾಜಗೋಪಾಲನಗರ, ಬೆಂಗಳೂರು
12 ಅಕ್ಟೋಬರ್ 2009

ಪ್ರೀತಿಯ ಸುಮಂಗಲಾ ಮೇಡಂ,

ಮದುವೆಯ ಕರೆಯೋಲೆಯ ಮೇಲೆ ಬರೆದ ಎರಡು ಸಾಲು ಬಿಟ್ಟರೆ ಮೂರು ವರ್ಷದಿಂದ ನಿಮಗೆ ಏನೂ ಬರೆದಿಲ್ಲ. ಈಗ ಬರೆಯುತ್ತಿರುವುದೂ ಸ್ವಾರ್ಥಕ್ಕೇ. ಧಾರವಾಡದಲ್ಲಿ ನೀವು ಎಂ.ಎ. ತರಗತಿಗೆ ಭಾಷೆಯನ್ನು ವಿವರಿಸುವ ಬೇರೆ ಬೇರೆ ಬಗೆಗಳನ್ನು ಪಾಠ ಮಾಡುತ್ತಿದ್ದಾಗ ನಾನು ಕೊನೆಯ ಬೆಂಚಿನಲ್ಲಿ ಕೂತು ಪರೀಕ್ಷೆಗೆ ಎಷ್ಟು ಬೇಕೋ ಅಷ್ಟನ್ನೇ ಬರೆದುಕೊಂಡೆ. ಈಗ ಅದೇ ಪಾಠ ಬೇಕಾಗಿದೆ.

ಪೀಣ್ಯದಲ್ಲಿ ತಗಡಿನ ಬಿಡಿಭಾಗ ಒತ್ತುವ ಒಂದು ಫ್ಯಾಕ್ಟರಿಯಲ್ಲಿ ನನಗೆ ಮೂರು ತಿಂಗಳ ಕೆಲಸ ಸಿಕ್ಕಿದೆ. ಹದಿಮೂರು ಪವರ್ ಪ್ರೆಸ್ಸುಗಳಿವೆ. ಅವುಗಳನ್ನು ನಡೆಸುವ ಇಪ್ಪತ್ತೆರಡು ಜನರಿಗೆ ವಾರಕ್ಕೆರಡು ದಿನ, ಮೊದಲ ಪಾಳಿ ಮುಗಿದ ಮೇಲೆ, ಕ್ಯಾಂಟೀನಿನಲ್ಲಿ ಇಂಗ್ಲಿಷ್ ಹೇಳಿಕೊಡಬೇಕು. ಹೆಚ್ಚಿನವರು ಬಿಜಾಪುರ, ಗುಲ್ಬರ್ಗಾ ಕಡೆಯವರು. ವಿದೇಶದ ಗಿರಾಕಿಗಳು ಡಿಸೆಂಬರಿನಲ್ಲಿ ತಪಾಸಣೆಗೆ ಬರುತ್ತಾರಂತೆ. ಅಪಘಾತವಾದರೆ ಅದರ ವರದಿಯನ್ನು ಕಾರ್ಮಿಕನೇ ತನ್ನ ಕೈಯಾರೆ ಬರೆದಿರಬೇಕು, ತಮಗೆ ಓದಲು ಬರುವ ಭಾಷೆಯಲ್ಲಿರಬೇಕು ಅನ್ನುವುದು ಅವರ ಷರತ್ತು. ಪರ್ಸನೆಲ್ ಆಫೀಸರ್ ಜಯಸಿಂಹ ಅವರು ಮೊದಲ ದಿನವೇ ಹೇಳಿಬಿಟ್ಟರು: "ಷೇಕ್ಸ್‌ಪಿಯರ್ ಎಲ್ಲಾ ಬೇಡಿ ಮೇಡಂ. ನಮ್ ಫ್ಯಾಕ್ಟರಿಗೆ ಎಷ್ಟು ಬೇಕೋ ಅಷ್ಟು ಇಂಗ್ಲಿಷ್ ಕೊಡಿ, ಸಾಕು."

ಆ 'ಎಷ್ಟು ಬೇಕೋ ಅಷ್ಟು' ಎಂದರೆ ಎಷ್ಟು? ಎಲ್ಲಿಂದ ಶುರು ಮಾಡಲಿ? ಮಗುವಿಗೆ ಐದು ತಿಂಗಳು. ಪಕ್ಕದ ಮನೆಯ ಪಿಳ್ಳಮ್ಮನ ಹತ್ತಿರ ಬಿಟ್ಟು ಹೋಗುತ್ತೇನೆ. ಬಿಟ್ಟು ಹೋಗುವಷ್ಟು ದೊಡ್ಡ ಕೆಲಸ ನಾನೇನು ಮಾಡುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ಅನ್ನಿಸುತ್ತದೆ. ಅದಕ್ಕೇ ಈ ಕೆಲಸ ಕೆಡಬಾರದು.

ನಿಮ್ಮ ವಿದ್ಯಾರ್ಥಿನಿ,
ಅಮೂಲ್ಯಾ

&nbsp;

ಧಾರವಾಡ
20 ಅಕ್ಟೋಬರ್ 2009

ಅಮೂಲ್ಯಾ,

ಆಶೀರ್ವಾದ. ಪತ್ರ ನೋಡಿ ಸಂತೋಷವಾಯಿತು. ನಿವೃತ್ತಳಾದ ಮೇಲೆ ಪಾಠದ ಬಗ್ಗೆ ಕೇಳುವವರೇ ಇಲ್ಲ. ಎಲ್ಲರೂ ಮೊಣಕಾಲಿನ ಬಗ್ಗೆ ಕೇಳುತ್ತಾರೆ.

ನೀನು ಕೊನೆಯ ಬೆಂಚಿನಲ್ಲಿ ಬರೆದುಕೊಳ್ಳದೆ ಬಿಟ್ಟದ್ದನ್ನು ಮತ್ತೆ ಹೇಳುತ್ತೇನೆ. ಭಾಷೆ ಎಂದರೆ ವಾಕ್ಯಗಳ ಅಚ್ಚು ಎಂದು ತಿಳಿಯುವವರು ಅಚ್ಚನ್ನೇ ಕಲಿಸುತ್ತಾರೆ. ಒಂದು ವಾಕ್ಯ ಕೊಟ್ಟು, ಅದರಲ್ಲಿ ಒಂದೊಂದೇ ಪದ ಬದಲಿಸಿ ನೂರು ಸಲ ಹೇಳಿಸುತ್ತಾರೆ. ಇದು ಹಳೆಯ ದಾರಿ, ಆದರೆ ಗಟ್ಟಿ. ಭಾಷೆಯಿಂದ ಜನ ಏನು ಮಾಡುತ್ತಾರೆ ಎಂದು ನೋಡುವವರು ಕೇಳುವುದು, ಎಚ್ಚರಿಸುವುದು, ಒಲ್ಲೆ ಅನ್ನುವುದು, ಇವನ್ನು ಕಲಿಸುತ್ತಾರೆ. ಇನ್ನು ಕೆಲವರು ಇಡೀ ಬರಹ ಎಲ್ಲಿ ಶುರುವಾಗಿ ಹೇಗೆ ಮುಗಿಯುತ್ತದೆ ಎಂಬ ನಡೆಯನ್ನು ನೋಡುತ್ತಾರೆ.

ನನ್ನ ದಾರಿ ನಿನಗೆ ಗೊತ್ತು, ಎಣಿಕೆ. ಒಂದೊಂದು ಕಸುಬಿನ ಇಂಗ್ಲಿಷೂ ಬೇರೆ. ಅಲ್ಲಿ ನಿಜವಾಗಿ ಏನು ಬರೆಯುತ್ತಾರೆ ಎಂಬುದನ್ನು ನಮ್ಮ ತಲೆಯಿಂದ ಹುಟ್ಟಿಸಬಾರದು. ಕಾಗದಗಳನ್ನು ತರಿಸು, ಎಣಿಸು. ಹೆಚ್ಚು ಸಲ ಬಂದ ವಾಕ್ಯವನ್ನು ಮೊದಲು ಕಲಿಸು, ಒಂದೇ ಸಲ ಬಂದದ್ದನ್ನು ಬಿಡು. ನಾನು ಸಿಮೆಂಟ್ ಫ್ಯಾಕ್ಟರಿಯೊಂದಕ್ಕೆ ಹೀಗೆ ಮಾಡಿಕೊಟ್ಟ ಪಠ್ಯ ಇಪ್ಪತ್ತೆರಡು ವರ್ಷ ನಡೆಯಿತು. ಆ ಅಪಘಾತದ ವರದಿಗಳ ಹಳೆಯ ಕಡತ ಇದ್ದೇ ಇರುತ್ತದೆ, ಕೇಳಿ ತಗೋ.

ಕೂಸಿಗೆ ನನ್ನ ಮುತ್ತು.

ಸುಮಂಗಲಾ

&nbsp;

ರಾಜಗೋಪಾಲನಗರ
9 ನವೆಂಬರ್ 2009

ಮೇಡಂ,

ಕಡತ ಸಿಕ್ಕಿತು! ಒಂಬತ್ತು ವರ್ಷಗಳ ನಲವತ್ತಮೂರು ವರದಿಗಳು, ಎಲ್ಲ ಇಂಗ್ಲಿಷಿನಲ್ಲಿ. ಮಗು ಮಲಗಿದಾಗಲೆಲ್ಲ ಎಣಿಸಿದೆ, ಪಟ್ಟಿ ಇದರ ಜೊತೆಗಿದೆ. ಮೂವತ್ತೊಂದರಲ್ಲಿ ಒಂದೇ ನಡೆ: ತಾರೀಕು, ಯಂತ್ರದ ನಂಬರು, ಆಮೇಲೆ 'ನಾನು ಗಾರ್ಡ್ ಮುಚ್ಚಲಿಲ್ಲ', 'ನಾನು ಕೈಗವಸು ಹಾಕಲಿಲ್ಲ', 'ನಾನು ಗಮನ ಕೊಡಲಿಲ್ಲ'. ಕೊನೆಗೆ 'ಇನ್ನು ಮುಂದೆ ಎಚ್ಚರ ವಹಿಸುತ್ತೇನೆ'. ಗಾರ್ಡ್ ಎಂದರೆ ಪ್ರೆಸ್ಸಿನ ಬಾಯಿಗೆ ಅಡ್ಡ ನಿಲ್ಲುವ ಕಬ್ಬಿಣದ ಜಾಲರಿ, ಕೈ ಒಳಗೆ ಹೋಗದ ಹಾಗೆ. ಹುಡುಕಬೇಕಾದದ್ದೇ ಇರಲಿಲ್ಲ ಮೇಡಂ, ಆರು ವಾಕ್ಯ ಕಲಿಸಿದರೆ ವರದಿ ತಯಾರು. ಅದನ್ನೇ ಆರನೆಯ ಪಾಠ ಮಾಡಿದೆ.

ತರಗತಿ ಹೇಗಿತ್ತು ಅಂತೀರಾ? ಎಲ್ಲರೂ ಒಟ್ಟಿಗೆ ಕೂಗಿದರು. ಕೈಗವಸಿನ ವಾಕ್ಯಕ್ಕೆ ಬಂದಾಗ ಸಂಗಣ್ಣ ಎಂಬಾತ ಹಿಂದಿನಿಂದ, "ಮೊದಲ ಗ್ಲೌಸ್ ಕೊಡ್ರಿ, ಆಮ್ಯಾಲ ಹಾಕ್ಕೊಳ್ಳಿಲ್ಲಂತ ಬರಿತೀವಿ" ಅಂದ. ಕ್ಯಾಂಟೀನಿನ ಪಾತ್ರೆ ತೊಳೆಯುವ ಬೈರಮ್ಮನೂ ನಕ್ಕಳು. ನನಗೂ ತಡೆಯಲಾಗಲಿಲ್ಲ.

ಎಲ್ಲರಿಗಿಂತ ಚುರುಕು ಮಲಕಪ್ಪ. ಸಿಂದಗಿ ಕಡೆಯವರು, ಏಳನೇ ಇಯತ್ತೆ ಓದಿದವರು, ಇಲ್ಲೇ ನಮ್ಮ ಹಿಂದಿನ ರಸ್ತೆಯಲ್ಲಿ ಬಾಡಿಗೆ ಕೋಣೆ. ಎರಡನೇ ಕ್ಲಾಸಿನ ಮಗಳು ಇಂಗ್ಲಿಷ್ ಮೀಡಿಯಂ, ಅವಳ ಹೋಂವರ್ಕಿನ ಜೊತೆ ತಮ್ಮದನ್ನೂ ಬರೆಯುತ್ತಾರೆ. "ಆಕಿ ನನಗ ಮಾರ್ಕ್ಸ್ ಹಾಕ್ತಾಳ್ರಿ ಮೇಡಂ, ಬಾಳ ಬಿಗಿ ಕೈ ಆಕೀದು" ಅಂದರು. ಪಾಠದ ಕೊನೆಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಿದರು. ಪಿಳ್ಳಮ್ಮನಿಗೆ ಐದೂವರೆಗೆ ಬರುತ್ತೇನೆ ಎಂದಿದ್ದೆ, ಮುಂದಿನ ಸಲ ನೋಡೋಣ ಎಂದೆ.

ನಿಮ್ಮ ದಾರಿ ಗೆದ್ದಿತು.

ಅಮೂಲ್ಯಾ

&nbsp;

ಧಾರವಾಡ
17 ನವೆಂಬರ್ 2009

ಅಮೂಲ್ಯಾ,

ನಿನ್ನ ಎಣಿಕೆಯ ಪಟ್ಟಿಯನ್ನು ಎರಡು ಸಲ ಓದಿದೆ. ನನ್ನ ಮೂವತ್ತು ವರ್ಷದ ಶಿಷ್ಯರಲ್ಲಿ ಇಷ್ಟು ಅಚ್ಚುಕಟ್ಟಾಗಿ ಯಾರೂ ಮಾಡಿರಲಿಲ್ಲ. ಪ್ರಶ್ನೆ ಕೇಳುವವರ ಬಗ್ಗೆ ಒಂದು ಮಾತು. ವಯಸ್ಕರು ತರಗತಿಯಲ್ಲಿ ಅಡ್ಡದಾರಿಗೆ ಎಳೆಯುತ್ತಾರೆ. ಮೊದಲು ವಾಕ್ಯ ಬಾಯಿಗೆ ಬರಲಿ. ಬಂದ ಮೇಲೆ ಅರ್ಧ ಪ್ರಶ್ನೆಗಳು ತಾವೇ ಕರಗಿಹೋಗುತ್ತವೆ.

ಸುಮಂಗಲಾ

&nbsp;

ರಾಜಗೋಪಾಲನಗರ
14 ಡಿಸೆಂಬರ್ 2009

ಮಾನ್ಯ ಮೇಡಂ,

ಉತ್ತರ ತಡವಾದದ್ದಕ್ಕೆ ಕ್ಷಮಿಸಿ. ಒಂದು ಸಣ್ಣ ಸಂದೇಹವಿದೆ, ಬಿಡುವಾದಾಗ ಬರೆಯಿರಿ.

ಒಂದು ಕಸುಬಿನ ಬರಹಗಳನ್ನು ನಾವು ಎಣಿಸುತ್ತೇವೆ. ಆ ಬರಹಗಳೆಲ್ಲ ಒಬ್ಬರೇ, ಅಥವಾ ಒಂದೇ ಕಡೆಯವರು ಬರೆದವಾದರೆ? ಉದಾಹರಣೆಗೆ, ಕೆಳಗೆ ಹೆಸರು ಒಬ್ಬನದು, ಅಕ್ಷರ ಇನ್ನೊಬ್ಬನದು. ಆಗಲೂ ಅದನ್ನು ಆ ಕಸುಬಿನವರ ಭಾಷೆ ಎಂದು ಕರೆಯಬಹುದೇ? ನಲವತ್ತಮೂರು ವರದಿಗಳನ್ನು ನಾನು ಜೆರಾಕ್ಸಿನಲ್ಲಿ ನೋಡಿದ್ದೆ. ಮೊನ್ನೆ ಮತ್ತೆ ತೆಗೆದು ನೋಡಿದೆ. ಮೂವತ್ತೊಂದೂ ಒಂದೇ ಕೈಬರಹ.

ಇದು ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದು. ಇಲ್ಲಿ ಎಲ್ಲ ಕ್ಷೇಮ. ನಿದ್ದೆ ಮಾತ್ರ ಇಲ್ಲ.

ಅಮೂಲ್ಯಾ

&nbsp;

ಧಾರವಾಡ
22 ಡಿಸೆಂಬರ್ 2009

ಅಮೂಲ್ಯಾ,

ಬಹಳ ಒಳ್ಳೆಯ ಪ್ರಶ್ನೆ. ಇದನ್ನು ಮಂಡಿಸಿ ಒಂದು ಪ್ರಬಂಧ ಬರಿ. ಮಾರ್ಚಿನಲ್ಲಿ ಇಲ್ಲಿ ವಿಚಾರಸಂಕಿರಣವಿದೆ, ನಾನು ಹೇಳಿ ನಿನ್ನ ಹೆಸರು ಹಾಕಿಸುತ್ತೇನೆ. ಬರೆದವರು ಯಾರು ಎಂಬುದಕ್ಕಿಂತ ಬರಹದ ರೂಪ ಏನು ಎಂಬುದೇ ನಮಗೆ ಮುಖ್ಯ ಎಂಬ ಹಳೆಯ ವಾದವೂ ಇದೆ, ಅದನ್ನೂ ಉಲ್ಲೇಖಿಸು.

ನಿದ್ದೆಯ ಬಗ್ಗೆ ಚಿಂತೆ ಬೇಡ. ಏಳನೇ ತಿಂಗಳಲ್ಲಿ ಹಲ್ಲು ಬರುವಾಗ ಕೂಸು ಹೀಗೇ ಕಾಡುತ್ತದೆ. ಬಜೆ ತೇದು ನಾಲಿಗೆಗೆ ಹಚ್ಚು.

ಸುಮಂಗಲಾ

&nbsp;

ರಾಜಗೋಪಾಲನಗರ
8 ಜನವರಿ 2010

ಮೇಡಂ,

ಮಗು ಚೆನ್ನಾಗಿ ಮಲಗುತ್ತದೆ. ಎದ್ದಿರುವವಳು ನಾನು.

ನಾನು ಕೇಳಿದ್ದು ಪ್ರಬಂಧಕ್ಕಲ್ಲ. ಡಿಸೆಂಬರ್ ಒಂದನೇ ತಾರೀಕು ಮಲಕಪ್ಪನವರ ಎಡಗೈಯ ಎರಡು ಬೆರಳು ಪ್ರೆಸ್ಸಿಗೆ ಸಿಕ್ಕಿ ಹೋದವು. ತಪಾಸಣೆಯ ತಯಾರಿಗೆಂದು ಆ ಎರಡು ವಾರ ತರಗತಿ ನಿಲ್ಲಿಸಿದ್ದರು, ನನಗೆ ಗೊತ್ತಾದದ್ದು ಹತ್ತು ದಿನ ಕಳೆದ ಮೇಲೆ, ಜಯಸಿಂಹ ಅವರ ಫೋನಿನಿಂದ. "ಕಂಗ್ರಾಟ್ಸ್ ಮೇಡಂ! ಆಡಿಟ್‌ನವ್ರು ಆಫೀಸಲ್ಲೇ ಪೇಪರ್ಸ್ ನೋಡಿ ಫುಲ್ ಖುಷಿ. ನಿಮ್ ಸ್ಟೂಡೆಂಟೇ ಸ್ವಂತ ಹ್ಯಾಂಡ್‌ರೈಟಿಂಗ್‌ನಲ್ಲಿ ರಿಪೋರ್ಟ್ ಬರ್ದಿದಾನೆ, ಒಂದು ಮಿಸ್ಟೇಕ್ ಇಲ್ಲ." ಯಾವ ರಿಪೋರ್ಟು ಎಂದು ಕೇಳಿದೆ. ಆಗ ಹೇಳಿದರು.

ಬ್ಯಾಂಡೇಜ್ ಕಟ್ಟಿಕೊಂಡು ಬಂದವರ ಮುಂದೆ ಫಾರಂ ಇಟ್ಟು, ಮೇಡಂ ಕಲಿಸಿದ್ದಾರಲ್ಲ, ಬರಿ ಎಂದರಂತೆ. ಮಲಕಪ್ಪ ಆರನೆಯ ಪಾಠವನ್ನು ಬರೆದುಕೊಟ್ಟರು. 'ನಾನು ಗಾರ್ಡ್ ಮುಚ್ಚಲಿಲ್ಲ.' ತಪಾಸಣೆಯವರು ಹೊರಟುಹೋದ ಒಂದು ವಾರಕ್ಕೆ ಫ್ಯಾಕ್ಟರಿಯವರು ಅದೇ ಕಾಗದವನ್ನು ಆಧಾರ ಮಾಡಿ ಅವರಿಗೆ ಆರೋಪ ಪಟ್ಟಿ ಕೊಟ್ಟರು. ನಿರ್ಲಕ್ಷ್ಯ. ಈಗ ಅವರು ಸಸ್ಪೆಂಡ್. ಜನವರಿ ಇಪ್ಪತ್ತೊಂದಕ್ಕೆ ವಿಚಾರಣೆ, ಸಾಬೀತಾದರೆ ಕೆಲಸದಿಂದ ತೆಗೆಯುತ್ತಾರೆ.

ಅವರ ಕೋಣೆಗೆ ಹೋಗಿದ್ದೆ. ಹೆಂಡತಿ ಹನುಮವ್ವ ಚಹಾ ಕೊಟ್ಟರು. ಮಲಕಪ್ಪನೇ ಹೇಳಿದರು.

"ಮುಚ್ಚಾಕ ಗಾರ್ಡ್ ಎಲ್ಲಿತ್ರಿ? ಆಯುಧಪೂಜಿಗೆ ಬಿಚ್ಚಿದ್ರು. ಬಣ್ಣ ಹೊಡದು, ಕುಂಕುಮ ಹಚ್ಚಿ, ಕುಂಬಳಕಾಯಿ ಒಡದು, ಸ್ಟೋರಿನ ಗ್ವಾಡಿಗೆ ಆನಿಸಿ ಇಟ್ರು. ಹೊಳ್ಳಿ ಹಾಕಲಿಲ್ಲ. ಜಾಲರಿ ಇಲ್ಲಂದ್ರ ಕೈ ಜಲ್ದಿ ಆಡತೈತಿ, ಮಾಲ ಜಾಸ್ತಿ ಬರತೈತಿ. ಹದಿಮೂರಕ್ಕೂ ಇಲ್ರಿ."

ಮೇಡಂ, ನವೆಂಬರಿನ ಪತ್ರದಲ್ಲಿ ಅವರು ಒಂದು ಪ್ರಶ್ನೆ ಕೇಳಿದರು ಎಂದು ಬರೆದಿದ್ದೆ. ಏನು ಎಂದು ಬರೆದಿರಲಿಲ್ಲ. "ಮೇಡಂ, ಗಾರ್ಡೇ ಇರ್ಲಿಲ್ಲಂದ್ರ ಏನಂತ ಬರೀಬೇಕ್ರಿ?" ಇದನ್ನೇ ಕೇಳಿದ್ದು. ಕಡತದ ನಲವತ್ತಮೂರರಲ್ಲಿ ಒಂದೇ ಒಂದು ವರದಿಯಲ್ಲಿ ಅಂಥ ವಾಕ್ಯವಿತ್ತು, ಸಿದ್ದರಾಮಪ್ಪ ಎಂಬುವರ ಸಹಿ, ಬೇರೆ ಕೈಬರಹ. ಒಂದೇ ಸಲ ಬಂದದ್ದನ್ನು ಬಿಡಬೇಕಲ್ಲ, ಬಿಟ್ಟಿದ್ದೆ. ಇಂಗ್ಲಿಷಿನಲ್ಲಿ ನಾಲ್ಕು ಪದದ ಉತ್ತರ. ಬೋರ್ಡಿನ ಮೇಲೆ ಬರೆಯಲು ಅರ್ಧ ನಿಮಿಷ ಸಾಕಿತ್ತು. ಮುಂದಿನ ಸಲ ಎಂದು ಬ್ಯಾಗು ತೆಗೆದುಕೊಂಡು ಹೊರಟೆ. ನಿಮ್ಮ ಪತ್ರ ಬಂದ ವಾರ ಅವರು ಮತ್ತೆ ನೆನಪಿಸಿದರು. ನೀವು ಕರಗುತ್ತದೆ ಎಂದು ಬರೆದಿದ್ದಿರಿ. ಏಳನೆಯ ಪಾಠ ತೆಗೆದೆ.

ನನ್ನ ಗಂಡ ಋಷಿಕೇಶ್ ಅನ್ನುತ್ತಾರೆ: "ಪ್ರೆಸ್ ನೀನು ನಡೆಸಿದ್ಯಾ? ಗಾರ್ಡ್ ನೀನು ಬಿಚ್ಚಿದ್ಯಾ? ಪಾಠ ಹೇಳೋಕೆ ಹೋದವಳು ಕೋರ್ಟು ಕಚೇರಿ ಅಂತ ಯಾಕೆ ಹೋಗ್ತೀಯ? ಮುಂದಿನ ಬ್ಯಾಚೂ ನಿಂಗೇ ಕೊಡ್ತಾರಂತೆ, ಸುಮ್ನಿರು." ತಪ್ಪೇನೂ ಹೇಳುತ್ತಿಲ್ಲ. ಮಗುವಿಗೆ ಎಣ್ಣೆ ಹಚ್ಚುವಾಗ ಅದರ ಬೆರಳುಗಳನ್ನು ಒಂದೊಂದೇ ಬಿಡಿಸಿ ಹಿಡಿಯುತ್ತೇನೆ, ಬಿಡಲು ಮನಸ್ಸಾಗುವುದಿಲ್ಲ. ಅದು ಅಳುತ್ತದೆ.

ಗಾರ್ಡ್ ಇರಲಿಲ್ಲ ಎಂದು ಹೇಳಲು ಉಳಿದ ಇಪ್ಪತ್ತೊಂದು ಜನರಲ್ಲಿ ಯಾರೂ ಬರುತ್ತಿಲ್ಲ. ಸಂಗಣ್ಣ ನನ್ನನ್ನು ಕಂಡರೆ ರಸ್ತೆ ದಾಟಿ ಆ ಕಡೆ ಹೋಗುತ್ತಾನೆ. ನಾನು ಹೋಗಿ ಹೇಳಬಹುದಾದದ್ದು ಒಂದೇ: ಆ ವಾಕ್ಯ ಅವರದಲ್ಲ, ನನ್ನದು. ಹೋಗಲೇ?

ಅಮೂಲ್ಯಾ

&nbsp;

ಧಾರವಾಡ
13 ಜನವರಿ 2010

ಅಮೂಲ್ಯಾ,

ನಿನ್ನ ಪತ್ರ ಬಂದ ದಿನದಿಂದ ಉತ್ತರ ಬರೆದು ಹರಿಯುತ್ತಿದ್ದೇನೆ.

ನಾನು ಸಿಮೆಂಟ್ ಫ್ಯಾಕ್ಟರಿಯ ಪಠ್ಯದ ಬಗ್ಗೆ ಹೆಮ್ಮೆಯಿಂದ ಬರೆದಿದ್ದೆ. ನಾನು ಆ ಫ್ಯಾಕ್ಟರಿಯ ಗೇಟನ್ನು ಒಮ್ಮೆಯೂ ನೋಡಿಲ್ಲ. ಅವರು ಕಾಗದಗಳನ್ನು ಟಪಾಲಿನಲ್ಲಿ ಕಳಿಸಿದರು, ನಾನು ಈ ಮೇಜಿನ ಮೇಲೆ ಎಣಿಸಿದೆ, ಟಪಾಲಿನಲ್ಲಿ ಪಠ್ಯ ಕಳಿಸಿದೆ. ಯಾರು ಬರೆದದ್ದು ಎಂದು ಕೇಳಲಿಲ್ಲ. ಬರೆಯಲು ಬಿಡದೆ ಉಳಿದದ್ದು ಏನು ಎಂದಂತೂ ಕೇಳಲೇ ಇಲ್ಲ. ಇಪ್ಪತ್ತೆರಡು ವರ್ಷ ಅಲ್ಲಿ ಎಷ್ಟು ಜನ ನನ್ನ ವಾಕ್ಯಗಳನ್ನು ಬರೆದುಕೊಟ್ಟರೋ ನನಗೆ ಗೊತ್ತಿಲ್ಲ. ಈಗ ತಿಳಿದುಕೊಳ್ಳುವ ಧೈರ್ಯವೂ ಇಲ್ಲ.

ಡಿಸೆಂಬರಿನಲ್ಲಿ ನೀನು ಒಂದೇ ಕೈಬರಹ ಎಂದು ಬರೆದಾಗ ನಾನು ನಿನಗೆ ವಿಚಾರಸಂಕಿರಣ ತೋರಿಸಿದೆ. ಮನ್ನಿಸು ಎನ್ನಲು ನಾಚಿಕೆಯಾಗುತ್ತದೆ.

ಹೋಗು. ಇದರ ಜೊತೆ ಸಹಿ ಮಾಡಿದ ಒಂದು ಹೇಳಿಕೆ ಇಟ್ಟಿದ್ದೇನೆ, ಈ ಪಾಠದ ಪದ್ಧತಿ ನನ್ನದು ಎಂದು. ಬೇಕಾದರೆ ತೋರಿಸು. ಅಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳು. ನಿಜ ಬಿಟ್ಟು ಒಂದು ಅಕ್ಷರವನ್ನೂ ಹೆಚ್ಚು ಹೇಳಬೇಡ. ನಮ್ಮಂಥವರ ಕೈಯಲ್ಲಿ ಉಳಿದಿರುವುದು ಅದೊಂದೇ.

ಸುಮಂಗಲಾ

&nbsp;

ರಾಜಗೋಪಾಲನಗರ
26 ಫೆಬ್ರವರಿ 2010

ಮೇಡಂ,

ನಿಮ್ಮ ಎರಡು ಕಾರ್ಡುಗಳೂ ಬಂದವು. ವಿಚಾರಣೆ ಏನಾಯಿತು ಎಂದು ಕೇಳಿದ್ದೀರಿ. ಬರೆಯಲಿಲ್ಲ, ಏಕೆಂದರೆ ನಾನು ನಿಜ ಹೇಳಲಿಲ್ಲ.

ಹೇಳಬೇಕೆಂದೇ ಹೋದೆ. ವಿಚಾರಣೆ ನಡೆಸಿದವರು ಹೊರಗಿನ ವಕೀಲರೊಬ್ಬರು, ಮೆತ್ತಗೆ ಮಾತಾಡುವವರು. ಪಕ್ಕದಲ್ಲಿ ಟೈಪ್ ಮಾಡುವವರು, ಈಚೆ ಜಯಸಿಂಹ, ಆಚೆ ಮಲಕಪ್ಪ. ಮಲಕಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು, ಎಡಗೈಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದರು. ಆರನೆಯ ಪಾಠದ ಹಾಳೆ ಕೊಟ್ಟೆ. ನವೆಂಬರಿನ ತಾರೀಕು, ಅದೇ ಆರು ವಾಕ್ಯ, ಅದೇ ಕ್ರಮ. ವಕೀಲರು ಎರಡು ಕಾಗದವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಗಾರ್ಡ್ ಇರಲಿಲ್ಲ ಎಂದು ಶುರು ಮಾಡಿದೆ.

"ನೀವು ಪ್ರೆಸ್ ಶಾಪ್ ಒಳಗೆ ಹೋಗಿದ್ರಾ ಮೇಡಂ?"

"ಇಲ್ಲ."

"ಹಾಗಾದ್ರೆ ಅದು ಬೇಡ. ಗಾರ್ಡ್ ವಿಷಯ ಈ ವಿಚಾರಣೆಗೆ ಬರಲ್ಲ. ನಾನು ಕೇಳೋದು ಒಂದೇ. ಈತನಿಗೆ ತಾನು ಬರೆದದ್ದರ ಅರ್ಥ ಗೊತ್ತಿತ್ತೋ ಇಲ್ವೋ? ಗೊತ್ತಿದ್ದು ಬರೆದಿದ್ರೆ ಇದು ತಪ್ಪೊಪ್ಪಿಗೆ. ಗೊತ್ತಿಲ್ದೆ ಬರೆದಿದ್ರೆ ಬರೀ ಕಾಗದ."

ನಾನು ಬಾಯಿ ತೆರೆಯುವ ಮೊದಲೇ ಮಲಕಪ್ಪ ಎದ್ದು ನಿಂತರು. "ಗೊತ್ತೈತ್ರಿ ಸಾಹೇಬ್ರ. ಒಂದೊಂದಕ್ಕೂ ಅರ್ಥ ಹೇಳ್ತೀನಿ. ಇಂಗ್ಲಿಷ್‌ನ್ಯಾಗ ಬರಿ ಅಂದ್ರು. ನನ್ನ ಹಂತ್ಯಾಕ ಇದ್ದದ್ದು ಅವ ಆರು ಮಾತು. ಆದದ್ದು ಬರ್ಯಾಕ ಮಾತು ಇದ್ದಿಲ್ಲ. ಖಾಲಿ ಕೊಟ್ರ ಕಲಿಸಿಲ್ಲಂತ ಮೇಡಂಗ ಬೈತಾರ..." ಅಷ್ಟು ಹೇಳಿ ನನ್ನ ಕಡೆ ನೋಡಿದರು.

"ಕೂತ್ಕೊಳ್ಳಪ್ಪ, ನಿನ್ನ ಕೇಳಿಲ್ಲ," ಅಂದರು ವಕೀಲರು. ಟೈಪ್ ಮಾಡುವವರ ಬೆರಳು ನಿಂತಿತ್ತು. "ಮೇಡಂ, ನೀವು ಟೀಚರ್. ನೀವು ಹೇಳಿದ್ದನ್ನ ದಾಖಲು ಮಾಡ್ತೀನಿ. ಹೇಳಿ."

ಜಯಸಿಂಹ ಮೆಲ್ಲಗೆ ನಕ್ಕರು. ಗೊತ್ತಿತ್ತು ಎಂದು ನಾನು ಹೇಳಲೇಬೇಕು, ಇಲ್ಲದಿದ್ದರೆ ಮೂರು ತಿಂಗಳು ಕಲಿಸಿದ್ದೇನು ಎಂಬ ನಗು. ನಿಮ್ಮ ಮಾತು ನೆನಪಿತ್ತು ಮೇಡಂ. ನಿಮ್ಮ ಹೇಳಿಕೆ ಬ್ಯಾಗಿನಲ್ಲೇ ಇತ್ತು.

"ಗೊತ್ತಿರಲಿಲ್ಲ ಸಾರ್," ಎಂದೆ. "ಇವರಿಗೆ ಇಂಗ್ಲಿಷ್ ಬರುವುದಿಲ್ಲ. ಬೋರ್ಡಿನ ಮೇಲಿದ್ದದ್ದನ್ನು ಚಿತ್ರ ಬಿಡಿಸಿದ ಹಾಗೆ ಬಿಡಿಸುತ್ತಿದ್ದರು. ನನ್ನ ತರಗತಿಯಲ್ಲಿ ಇವರು ಏನೂ ಕಲಿಯಲಿಲ್ಲ."

ಟೈಪಾಯಿತು. ಸಹಿ ಮಾಡಿದೆ. ಮಲಕಪ್ಪ ನನ್ನನ್ನು ನೋಡಲಿಲ್ಲ, ಎದುರಿಗಿದ್ದ ಕ್ಯಾಲೆಂಡರ್ ನೋಡುತ್ತಿದ್ದರು. ಗೇಟಿನ ಹೊರಗೆ ಬಸ್ಸಿಗೆ ಕಾಯುವಾಗ ಒಂದೇ ಮಾತು ಆಡಿದರು. "ಕೆಲಸ ಉಳೀಲಿ ಅಂತ ಅಂದ್ರಿ. ತಿಳೀತೈತ್ರಿ ನನಗ. ಮನ್ಯಾಗ ಹುಡುಗಿಗೆ ಏನಂತ ಹೇಳಲಿ ಅನ್ನೂದ ತಿಳೀವಲ್ದು."

ಕೆಲಸ ಉಳಿಯಿತು. ಈ ತಿಂಗಳ ಹದಿನೈದರಿಂದ ಮತ್ತೆ ಅದೇ ಪ್ರೆಸ್ಸಿಗೆ ಹೋಗುತ್ತಿದ್ದಾರೆ. ಎರಡು ಪ್ರೆಸ್ಸಿಗೆ ಜಾಲರಿ ಹಾಕಿದ್ದಾರಂತೆ, ಹನ್ನೊಂದು ಹಾಗೇ ಇವೆ. ನನಗೆ ಮುಂದಿನ ಬ್ಯಾಚ್ ಇಲ್ಲ. ಏನೂ ಕಲಿಸದವಳು ಎಂದು ನಾನೇ ಬರೆದುಕೊಟ್ಟ ಮೇಲೆ ಇನ್ನೇನು? ಋಷಿಕೇಶ್ ಎರಡು ದಿನ ಮಾತು ಬಿಟ್ಟರು, ಮೂರನೇ ದಿನ ಮಗುವನ್ನು ಎತ್ತಿಕೊಂಡು ಹೊರಗೆ ಹೋಗಿ, ನೀನು ಸ್ವಲ್ಪ ಮಲಗು ಅಂದರು.

ನಿನ್ನೆ ಗೇಟ್ ಪಾಸ್ ವಾಪಸ್ಸು ಕೊಡಲು ಫ್ಯಾಕ್ಟರಿಗೆ ಹೋಗಿದ್ದೆ. ಪಾಳಿ ಬಿಡುವ ಹೊತ್ತು. ಟೈಮ್ ಆಫೀಸಿನ ಪಕ್ಕದ ನೋಟಿಸ್ ಬೋರ್ಡಿನಲ್ಲಿ ವಿಚಾರಣೆಯ ಆದೇಶ ಅಂಟಿಸಿದ್ದರು, ಇಂಗ್ಲಿಷಿನಲ್ಲಿ. ಹತ್ತು ಹನ್ನೆರಡು ಜನ ಸುತ್ತ ನಿಂತಿದ್ದರು, ಮುಂದೆ ಮಲಕಪ್ಪ. ಸಂಗಣ್ಣ ಕೇಳುತ್ತಿದ್ದ: "ಏನ್ ಬರದಾರ ಓದೋ ಮಾರಾಯಾ, ನಮಗೇನ್ ತಿಳೀತೈತಿ?"

ಮಲಕಪ್ಪ ಎಡಗೈಯನ್ನು ಜೇಬಿನಿಂದ ತೆಗೆದು, ಉಳಿದ ಬೆರಳಲ್ಲಿ ಸಾಲು ಹಿಡಿದು ಓದುತ್ತಿದ್ದರು. ಒಂದು ವಾಕ್ಯ ಇಂಗ್ಲಿಷಿನಲ್ಲಿ, ನಿಲ್ಲಿಸಿ ಕನ್ನಡದಲ್ಲಿ, ಮತ್ತೆ ಮುಂದಿನದು. ಎಲ್ಲೂ ತಡವರಿಸಲಿಲ್ಲ. ನಾನು ಕಲಿಸದೇ ಇದ್ದ ಪದಗಳೂ ಅದರಲ್ಲಿದ್ದವು. ಮೂರನೆಯ ಸಾಲಿಗೆ ಬಂದಾಗ ನನ್ನನ್ನು ಕಂಡರು. ಓದು ನಿಲ್ಲಿಸಲಿಲ್ಲ. ಧ್ವನಿಯನ್ನು ಸ್ವಲ್ಪ ಏರಿಸಿದರು, ಅಷ್ಟೇ.

"ದ ವರ್ಕ್‌ಮನ್ ಡಸ್ ನಾಟ್ ನೋ ಇಂಗ್ಲಿಷ್. ಅಂದ್ರ, ಈ ಕೆಲಸಗಾರಗ ಇಂಗ್ಲಿಷ್ ಬರೂದಿಲ್ಲ."

ಅಮೂಲ್ಯಾ